ಒಡವೆ ತೆಗೆದಿಟ್ಟು ಹಚ್ಚಿ

ನನ್ನ ಮೂಗಿನಿಂದ ಒಂದು ಗೇಣು ಕೆಳಗೆ ಬ್ಲೇಡ್ ತಿರುಗುತ್ತಿತ್ತು!

ಸ್ಟೀಲ್ ಟ್ಯಾಂಕು. ಅದರ ತುಂಬ ಬಿಳಿ ಕ್ರೀಮು. ಇನ್ನೂರು ಕಿಲೋ ಸೌಂದರ್ಯ... ಅದರ ಮೇಲೆ ನನ್ನನ್ನು ಬಗ್ಗಿಸಿ ಹಿಡಿದಿದ್ದರು.

ಎಡತೋಳು ಉದ್ದಣ್ಣನ ಕೈಯಲ್ಲಿ. ಬಲತೋಳು ಗುಂಡಣ್ಣನ ಕೈಯಲ್ಲಿ. ಇಬ್ಬರೂ ಆ ಫ್ಯಾಕ್ಟರಿಯ ಲೋಡರ್‌ಗಳು. ಡ್ರಮ್ಮು ಎತ್ತಿ ಎತ್ತಿ ಪಳಗಿದ ಕೈಗಳು.

"ರೋಲ್ ಎಲ್ಲಿ?" ಬೆನ್ನ ಹಿಂದಿನಿಂದ ಮೇಡಂ ಕೇಳಿದಳು.

"ಯಾವ ರೋಲು ಮೇಡಂ? ಹೀರೋದಾ, ವಿಲನ್‌ದಾ?"

ಗುಂಡಣ್ಣ ಕುತ್ತಿಗೆ ಒತ್ತಿದ. ಗೇಣು ನಾಲ್ಕು ಬೆರಳಾಯಿತು!

ಜೋಕ್ ಹೊಡೆಯುವ ಹೊತ್ತಲ್ಲ ಎಂದು ನನಗೂ ಗೊತ್ತಿತ್ತು. ಆದರೆ ಹೆದರಿದಾಗ ನನ್ನ ಬಾಯಿ ನನ್ನ ಮಾತು ಕೇಳುವುದಿಲ್ಲ.

ನೀವು ಬಂದಾಗಿನಿಂದ ನನ್ನ ಉಂಗುರವನ್ನೇ ನೋಡುತ್ತಿದ್ದೀರಿ. ಚಿನ್ನವೋ ಬೆಳ್ಳಿಯೋ ಎಂದು ತಾನೇ? ಚಿನ್ನವೇ. ಅಪ್ಪ ಕೊಟ್ಟದ್ದು. ಹೀಗೆ ಬೆಳ್ಳಗಾದದ್ದು ಆ ಟ್ಯಾಂಕಿನ ಕ್ರೀಮಿನಿಂದ. ನಿಮ್ಮ ಕೆಲಸದ ಮಾತು ಆಮೇಲೆ... ಮೊದಲು ಇದನ್ನು ಕೇಳಿ.

ಈ ಲೈನಿನಲ್ಲಿ ನನಗೆ 'ಮೂಗು' ಎಂದೇ ಹೆಸರು. ನಕಲಿ ಕ್ರೀಮು, ನಕಲಿ ಸೀರಮ್ಮು... ಮುಚ್ಚಳ ತೆಗೆದು ಒಂದು ಸಲ ಮೂಸಿದರೆ ಸಾಕು, ಜಾತಕ ಹೇಳುತ್ತೇನೆ. ಬ್ಯೂಟಿ ಕಂಪನಿಗಳಿಗೆ ನಾನು ಬೇಕಾಗುವುದು ಅದಕ್ಕೇ.

ಮೇಡಂ ಮೊದಲು ನಾಲ್ಕು ಪಾರ್ಲರುಗಳ ಒಡತಿ. ಆಮೇಲೆ ತನ್ನದೇ ಬ್ರಾಂಡ್ ಶುರು ಮಾಡಿದಳು. ಏಳು ತಿಂಗಳ ಹಿಂದೆ ಅವಳ ಕ್ರೀಮಿನ ನಕಲು ಮಾಡುತ್ತಿದ್ದವನೊಬ್ಬನನ್ನು ಹಿಡಿದುಕೊಟ್ಟೆ. ಅಂದಿನಿಂದ ತಿಂಗಳಿಗೊಂದು ಬಾಕ್ಸ್ ಫೇಸ್ ಕ್ರೀಮು ನನಗೆ ಉಡುಗೊರೆ.

"ಮನೇಲಿ ಹೆಣ್ಣುಮಕ್ಕಳಿದ್ರೆ ಕೊಡಿ."

ಕೊಟ್ಟೆ. ನನ್ನ ತಂಗಿಗೆ.

ನನಗಿರುವುದು ಒಬ್ಬಳೇ ತಂಗಿ. ಎರಡು ಕುರ್ಚಿಯ ಪುಟ್ಟ ಪಾರ್ಲರ್ ಅವಳದು. ಏಳು ವರ್ಷ ಕಾದ ಮೇಲೆ ಬಸುರಾಗಿದ್ದಳು. ಐದು ತಿಂಗಳು ತುಂಬಿತ್ತು. ಬೆಳಿಗ್ಗೆ ಸಂಜೆ ಆ ಕ್ರೀಮನ್ನೇ ಹಚ್ಚುತ್ತಿದ್ದಳು.

"ಅಣ್ಣಾ, ಗಿರಾಕಿಗಳು ನನ್ನ ಮುಖ ನೋಡೇ ಕ್ರೀಮ್ ಕೇಳ್ತಾರೆ ಕಣೋ. ಇನ್ನೊಂದು ಬಾಕ್ಸ್ ಸಿಗತ್ತಾ?"

"ಕಾಲು ಯಾಕೆ ಹೀಗೆ ಊದಿದೆ?"

"ಬಸುರಲ್ಲಿ ಇದೆಲ್ಲ ಇದ್ದದ್ದೇ. ನಿನಗೇನು ಗೊತ್ತು, ಸುಮ್ನಿರು."

ಸುಮ್ಮನಿದ್ದೆ. ನನ್ನ ಜನ್ಮಕ್ಕೆ ಬೆಂಕಿ ಹಾಕಬೇಕು!

ಹೋದ ತಿಂಗಳು ಮೇಡಂ ಫೋನ್ ಮಾಡಿ ಕರೆಸಿದಳು. ಅವಳ ಆಫೀಸಿನ ಗೋಡೆಯಲ್ಲಿ ಗಾಜಿನ ಕಪಾಟು. ಕಪಾಟಿನ ತುಂಬ ಸಣ್ಣ ಸಣ್ಣ ಬಾಟಲಿಗಳು. ಒಂದೊಂದಕ್ಕೂ ಕೆಳಗಿನಿಂದ ಲೈಟು.

"ಜನ ಈಗ ಕ್ರೀಮ್ ಕೊಳ್ಳಲ್ಲ ಕಣ್ರೀ. ಒಳಗೇನಿದೆ ಅದನ್ನ ಕೊಳ್ತಾರೆ. ನಯಾಸಿನಮೈಡ್ ಇದೆಯಾ? ವಿಟಮಿನ್ ಸಿ ಇದೆಯಾ? ಹೈಲುರಾನಿಕ್ ಎಷ್ಟು ಪರ್ಸೆಂಟು? ಸ್ಕೂಲ್ ಹುಡುಗೀರು ಕೂಡ ಕೆಮಿಸ್ಟ್ರಿ ಮಾತಾಡ್ತಾರೆ! ಹೆಸರು ಎಷ್ಟು ಕಷ್ಟಾನೋ ಮಾಲು ಅಷ್ಟು ಸಲೀಸು."

"ನೀವು ಯಾವುದು ಹಚ್ತೀರಾ ಮೇಡಂ?"

"ನನ್ನ ಮುಖಕ್ಕಾ? ತಣ್ಣೀರು ಸಾಕಪ್ಪಾ!"

ನಕ್ಕಳು. ನಾನೂ ನಕ್ಕೆ. 

ಕೆಲಸ ಇಷ್ಟು. ದೊಡ್ಡ ಅಂಗಡಿಗಳ ಕಂಪನಿಯೊಂದು ಅವಳ ಕ್ರೀಮನ್ನು ತನ್ನ ಎಲ್ಲ ಶಾಖೆಗಳಲ್ಲಿ ಇಡಲು ಒಪ್ಪಿತ್ತು. ಅದಕ್ಕೆಂದು ಹೊಸ ಲೇಬಲ್ ಮಾಡಿಸಿ ಹಳೆಯ ಲೇಬಲ್‌ಗಳನ್ನೆಲ್ಲ ಸುಟ್ಟುಹಾಕಿದ್ದಳು. ಸುಡುವಾಗ ಒಂದು ರೋಲ್ ಕಡಿಮೆ ಬಿತ್ತು. ಯಾರೋ ಕದ್ದಿದ್ದರು.

"ರೋಲ್ ಬೇಕು. ಕದ್ದವರೂ ಬೇಕು."

ನಕಲಿ ಮಾಲಿನವರ ಕೈವಾಡ ಎಂದುಕೊಂಡೆ. ಈ ವ್ಯಾಪಾರದಲ್ಲಿ ಕ್ರೀಮಿಗಿಂತ ಲೇಬಲ್ಲೇ ದುಬಾರಿ. ಹಳೇ ಲೇಬಲ್‌ಗೆ ಇಷ್ಟು ಗಾಬರಿ ಯಾಕೆ ಎಂದು ಕೇಳಬೇಕಿತ್ತು... ಕೇಳಲಿಲ್ಲ!

ನಾಲ್ಕೇ ದಿನಕ್ಕೆ ಜಾಡು ಸಿಕ್ಕಿತು. ಮಿಕ್ಸಿಂಗ್ ರೂಮಿನಲ್ಲಿ ಕ್ರೀಮ್ ಕಲಸುವ ಹೆಂಗಸೊಬ್ಬಳು ರೋಲ್ ಮಾಯವಾದ ದಿನದಿಂದ ಕೆಲಸಕ್ಕೆ ಬಂದಿರಲಿಲ್ಲ. ಫ್ಯಾಕ್ಟರಿಯಲ್ಲಿ ಎಲ್ಲರೂ ಅವಳನ್ನು ಅಕ್ಕ ಎನ್ನುತ್ತಿದ್ದರು. ಟೈರ್ ಅಂಗಡಿಯ ಮೇಲೆ, ಮೂರನೇ ಮಹಡಿಯ ಒಂಟಿ ಕೋಣೆಯಲ್ಲಿ ವಾಸ. ಮೆಟ್ಟಿಲ ಬುಡದಲ್ಲೇ ನಿಂತು ಮೇಡಂಗೆ ಫೋನ್ ಹಚ್ಚಿದೆ.

"ಸಿಕ್ಕಿದ್ಲು."

"ಅಡ್ರೆಸ್ ಹೇಳಿ. ನೀವು ಅಲ್ಲೇ ಇರಿ. ನಮ್ಮ ಹುಡುಗರು ಬರ್ತಾರೆ."

ಹೇಳಿದೆ. ತಪ್ಪು ಮಾಡಿದ್ದು ಅಲ್ಲೇ.

ಬಾಗಿಲು ತೆರೆದ ಅಕ್ಕನಿಗೆ ಐವತ್ತೈದಿರಬಹುದು. ನನ್ನನ್ನು ನೋಡಿ ಓಡಲಿಲ್ಲ. ಕೂಗಲಿಲ್ಲ. ಲೋಟದಲ್ಲಿ ನೀರು ತಂದಳು. ಅರ್ಧ ನೀರು ನೆಲದ ಪಾಲಾಯಿತು. ಅವಳ ಕೈ ಅಷ್ಟು ನಡುಗುತ್ತಿತ್ತು!

"ಹೆದರ್ಕೋಬೇಡಿ. ನಾನು ಪೊಲೀಸಲ್ಲ."

"ಇದು ಹೆದರಿಕೆ ಅಲ್ಲಪ್ಪ. ಮೂರು ತಿಂಗಳಿಂದ ಹೀಗೇ."

ಮಂಚದ ಕೆಳಗಿನಿಂದ ರೋಲ್ ತೆಗೆದಳು. ಸೀಲ್ ಒಡೆಯದ ಒಂದು ಡಬ್ಬಿಯನ್ನೂ ತೆಗೆದಳು. ಒಂದು ಲೇಬಲ್ ಬಿಡಿಸಿ ನನ್ನ ಅಂಗೈಗೆ ಅಂಟಿಸಿದಳು.

"ಓದು."

"ನಯಾಸಿನಮೈಡ್, ವಿಟಮಿನ್ ಸಿ, ಹೈಲುರಾನಿಕ್..."

"ಅದು ಶೋಕಿ. ಕೆಳಗಿಂದು ಓದು."

ಕೆಳಗೆ ಇರುವೆಯಷ್ಟು ಸಣ್ಣ ಅಕ್ಷರಗಳಲ್ಲಿ ಒಂದು ಸಾಲಿತ್ತು. 'ಚಿನ್ನದ ಒಡವೆ ತೆಗೆದಿಟ್ಟು ಹಚ್ಚಿ.'

"ಉಂಗುರ ಹಾಳಾಯ್ತು, ಓಲೆ ಬೆಳ್ಳಗಾಯ್ತು ಅಂತ ಗಿರಾಕಿಗಳು ಗಲಾಟೆ ಮಾಡಿದ್ರು. ಅದಕ್ಕೇ ಆ ಸಾಲು ಹಾಕ್ಸಿದ್ರು. ಈಗ ದೊಡ್ಡ ಅಂಗಡಿಯೋರು ಯಾಕೆ ಈ ಸಾಲು ಅಂತ ಕೇಳಿದ್ರೆ? ಅದಕ್ಕೇ ಸುಟ್ರು. ನೀನೇ ಹೇಳಪ್ಪ... ವಿಟಮಿನ್ನು ಚಿನ್ನಾನ ಏನು ಮಾಡತ್ತೆ?"

ಏನೂ ಮಾಡುವುದಿಲ್ಲ. ಚಿನ್ನವನ್ನು ಹಿಡಿದು ಬೆಳ್ಳಗೆ ಮಾಡುವುದು ಒಂದೇ.

ಪಾದರಸ!

ಅಕ್ಕ ಕೈ ಮುಂದೆ ಚಾಚಿದಳು. ಬೆರಳಲ್ಲಿ ಉಂಗುರ. ಮಂಕು ಬೆಳ್ಳಿಯ ಬಣ್ಣ.

"ನಮ್ಮೆಜಮಾನ್ರು ಕೊಡ್ಸಿದ ಚಿನ್ನ ಇದು. ಕಲಸೋಕೆ ಕೊಡೋ ಪುಡಿ ಡಬ್ಬದ ಮೇಲೆ ನಯಾ, ಅದೇ ನಯಾಸಿನಮೈಡ್, ಅಂತ ಬರೆದಿರ್ತಾರೆ. ನಿಜವಾದ ನಯಾ ಹಿಟ್ಟಿನ ಹಾಗೆ ಹಗುರ, ನಾನೇ ಮೊದಲು ಕಲಸಿದೀನಿ. ಇದು ಪುಟ್ಟ ಡಬ್ಬ, ಎತ್ತಿದ್ರೆ ತೋಳು ಕಿತ್ತು ಬರತ್ತೆ. ಹತ್ತೇ ದಿನಕ್ಕೆ ಮುಖ ಬೆಳ್ಳಗಾಗತ್ತೆ, ನಿಜ. ಒಳಗೆ ಕಿಡ್ನಿ ಹೋಗತ್ತೆ. ಗ್ಲೌಸ್ ಕೇಳ್ದೆ. ಕೈ ಮೆತ್ತಗಾಗತ್ತೆ ಬಿಡು, ಫ್ರೀ ಟ್ರೀಟ್‌ಮೆಂಟು ಅಂದ್ರು."

ಅವಳು ನನ್ನ ಮುಖ ನೋಡಿದಳು.

"ನಿಮ್ಮನೇಲಿ ಯಾರಾದ್ರೂ ಹಚ್ತಾರಾ?"

 ಡಬ್ಬಿಗಳ ವಾಸನೆ ಹಿಡಿಯುವ ಈ ಮೂಗು! ಆರು ತಿಂಗಳು ಆ ಕ್ರೀಮ್ ನನ್ನ ಸ್ಕೂಟರಿನಲ್ಲೇ ತಂಗಿಯ ಮನೆಗೆ ಹೋಗಿತ್ತು. ಪಾದರಸದ ಆ ಪುಡಿಗೆ ವಾಸನೆಯೇ ಇಲ್ಲ.

ತಂಗಿಗೆ ಫೋನ್ ಮಾಡಿದೆ.

"ಮುಖ ತೊಳ್ಕೋ! ಈಗಲೇ!"

"ಅಣ್ಣಾ, ಫೇಶಿಯಲ್ ಮಾಡ್ತಿದೀನಿ, ಆಮೇಲೆ..."

"ಆ ಕ್ರೀಮಲ್ಲಿ ವಿಷ ಇದೆ ಕಣೇ! ಡಬ್ಬಿ ತಗೊಂಡು ಆಸ್ಪತ್ರೆಗೆ ಓಡು!"

ಆ ಕಡೆ ಡಬ್ಬಿಯೊಂದು ನೆಲಕ್ಕೆ ಬಿದ್ದ ಸದ್ದು. 

ಅಷ್ಟರಲ್ಲಿ ಕೆಳಗೆ ವ್ಯಾನಿನ ಬಾಗಿಲು ಬಡಿಯಿತು... ಉದ್ದಣ್ಣ, ಗುಂಡಣ್ಣ! ಮೆಟ್ಟಿಲಲ್ಲಿ ಬೂಟಿನ ಸದ್ದು.

"ಹಿಂದೆ ದಾರಿ ಇದೆಯಾ?"

"ಟೆರೇಸಿಂದ ಪಕ್ಕದ ಬಿಲ್ಡಿಂಗಿಗೆ..."

"ರೋಲ್ ತಗೊಳ್ಳಿ, ಡಬ್ಬಿ ತಗೊಳ್ಳಿ. ಸೀದಾ ಡ್ರಗ್ ಕಂಟ್ರೋಲ್ ಆಫೀಸಿಗೆ ಹೋಗಿ. ಸಾಹೇಬರ ಟೇಬಲ್ ಮೇಲೇ ಇಡಿ, ಗುಮಾಸ್ತನ ಕೈಗೆ ಕೊಡಬೇಡಿ."

"ನೀನು?"

"ನಾನು ಇವರ ಜೊತೆ ಸ್ವಲ್ಪ ಓಡಾಡ್ಕೊಂಡು ಬರ್ತೀನಿ."

ಅಕ್ಕನ ಹಾಸಿಗೆಯ ಮೇಲಿನ ದಿಂಬನ್ನು ರೋಲಿನ ಹಾಗೆ ಟವೆಲಿನಲ್ಲಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡೆ. ಮೆಟ್ಟಿಲಿನಲ್ಲಿ ಅವರಿಬ್ಬರ ನಡುವೆಯೇ ನುಗ್ಗಿದೆ! ಗುಂಡಣ್ಣ ಗೋಡೆಗೆ ಬಡಿದ. ಬೀದಿಗೆ ಬಿದ್ದು ಓಡಿದೆ. ಟೈರ್ ಅಂಗಡಿ... ಸಂದಿ... ಮೊಪೆಡ್ಡುಗಳ ಸಾಲು... ಇನ್ನೊಂದು ಸಂದಿ! ನನ್ನ ಐವತ್ತು ವರ್ಷದ ಮಂಡಿಗಳು ಹದಿನೈದು ನಿಮಿಷ ತಡೆದವು. ಆಮೇಲೆ ಕೈಕೊಟ್ಟವು. ಟವೆಲ್ ಬಿಚ್ಚಿದ ಉದ್ದಣ್ಣನ ಮುಖ ನೀವು ನೋಡಬೇಕಿತ್ತು.

ಹಾಗೆ ನಾನು ಟ್ಯಾಂಕಿನ ಮೇಲೆ ಬಂದೆ. ಮಧ್ಯಾಹ್ನದ ಊಟದ ಬಿಡುವು. ಮಿಕ್ಸಿಂಗ್ ರೂಮಿನಲ್ಲಿ ನಾವು ನಾಲ್ವರೇ.

"ಕಡೇ ಸಲ ಕೇಳ್ತಿದೀನಿ. ರೋಲ್ ಎಲ್ಲಿ?"

"ಹೇಳ್ತೀನಿ ಮೇಡಂ. ಒಂದೇ ಒಂದು ಕಂಡೀಶನ್."

"ಏನು?"

"ಈ ಕ್ರೀಮಿಗೆ ಒಂದು ಬೆರಳು ಅದ್ದಿ ನಿಮ್ಮ ಕೆನ್ನೆಗೆ ಹಚ್ಕೊಳ್ಳಿ. ಹಚ್ಕೊಂಡ ತಕ್ಷಣ ಹೇಳ್ತೀನಿ."



"ಹುಚ್ಚಾಟ ಆಡಬೇಡ!"

"ಊರೆಲ್ಲ ಹಚ್ತಾರೆ. ನಿಮಗೇನು ಕಷ್ಟ?"

"ಹಚ್ಕೊಂಡುಬಿಡಿ ಮೇಡಂ," ಎಂದ ಉದ್ದಣ್ಣ. ಪಾಪ, ಕೆಲಸ ಬೇಗ ಮುಗಿಯಲಿ ಎಂಬ ಆಸೆ. "ಒಂದು ಬೆರಳು ತಾನೇ?"

ಮೇಡಂ ಒಂದು ಹೆಜ್ಜೆ ಹಿಂದೆ ಸರಿದಳು. ಒಂದೇ ಹೆಜ್ಜೆ. ಅಷ್ಟು ಸಾಕಾಯಿತು.

"ಯಾಕೆ ಮೇಡಂ?" ಎಂದ ಉದ್ದಣ್ಣ.

"ನೀನು ಬಾಯ್ಮುಚ್ಕೊಂಡು ಹಿಡ್ಕೋ ಅವನನ್ನ!"

"ಅಲ್ಲ ಮೇಡಂ... ನನ್ನ ಹೆಂಡ್ತಿಗೆ ನೀವೇ ಕೊಟ್ರಲ್ಲ, ಹೋದ ವಾರ. ಮಗೂಗೆ ಹಾಲು ಕುಡಿಸ್ತಾಳೆ ಅವಳು. ಮಗು ಅವಳ ಕೆನ್ನೆ ನೆಕ್ಕತ್ತೆ ಮೇಡಂ!"

"ಉದ್ದಣ್ಣ," ಎಂದೆ ನಾನು. ಈ ಸಲ ಜೋಕ್ ಬರಲಿಲ್ಲ. "ಇದರಲ್ಲಿ ಪಾದರಸ ಇದೆ. ನನ್ನ ತಂಗಿ ಬಸುರಿ. ಆರು ತಿಂಗಳಿಂದ ಹಚ್ತಿದಾಳೆ. ನಾನೇ ತಂದ್ಕೊಟ್ಟಿದ್ದು."

ಅವನ ಹಿಡಿತ ಸಡಿಲವಾಯಿತು. ಗುಂಡಣ್ಣ ಒಬ್ಬನೇ ನನ್ನನ್ನು ತಡೆಯಲಾರದೆ ಜಾರಿದ. ನನ್ನ ಬಲಗೈ ಉಂಗುರದ ಸಮೇತ ಮಣಿಕಟ್ಟಿನವರೆಗೆ ಕ್ರೀಮಿನೊಳಗೆ... ಬ್ಲೇಡು ಕಿರುಬೆರಳನ್ನು ಸವರಿತು! ಉದ್ದಣ್ಣ ಕೆಂಪು ಬಟನ್ನಿಗೆ ಗುದ್ದಿದ. ಬ್ಲೇಡು ನಿಂತಿತು. ಗುಂಡಣ್ಣನೂ ನನ್ನನ್ನು ಬಿಟ್ಟ.

ಮೇಡಂ ಬಾಗಿಲಿಗೆ ಓಡಿದಳು. ಅವಳಿಗಿಂತ ಮೊದಲು ಉದ್ದಣ್ಣ ಓಡಿ ಶಟರ್ ಎಳೆದ.

"ಕೂತ್ಕೊಳ್ಳಿ ಮೇಡಂ. ನಿಮ್ಮ ಬಾಯಿಂದಾನೇ ಕೇಳಬೇಕು."

 ಮುಕ್ಕಾಲು ಗಂಟೆ ಕಳೆದ ಮೇಲೆ ಶಟರ್ ಬಡಿದ ಸದ್ದಾಯಿತು. ಹೊರಗೆ ಡ್ರಗ್ ಇನ್‌ಸ್ಪೆಕ್ಟರು, ಇಬ್ಬರು ಪೊಲೀಸರು... ಅವರ ಮುಂದೆ ರೋಲನ್ನು ಕಂಕುಳಲ್ಲಿ ಇಟ್ಟುಕೊಂಡು ಅಕ್ಕ. ಕೈ ನಡುಗುತ್ತಲೇ ಇತ್ತು. ಕಣ್ಣು ಮಾತ್ರ ನಡುಗಲಿಲ್ಲ.

ಲ್ಯಾಬ್ ರಿಪೋರ್ಟ್ ಬಂತು. ಮಿತಿಗಿಂತ ಸಾವಿರಾರು ಪಟ್ಟು ಹೆಚ್ಚು. ನಯಾಸಿನಮೈಡ್? ಹೆಸರಿಗೂ ಇಲ್ಲ!

ಉದ್ದಣ್ಣನ ಹೆಂಡತಿ, ಮಗು ಬಚಾವಾದರು. ವಾರವಷ್ಟೇ ಆಗಿತ್ತಲ್ಲ.

ನನ್ನ ತಂಗಿಯ ಮಗು ಉಳಿಯಲಿಲ್ಲ.

ಅವಳ ಕಿಡ್ನಿಗೆ ಇನ್ನೂ ಔಷಧಿ ನಡೆಯುತ್ತಿದೆ. ಆಸ್ಪತ್ರೆಯ ಮಂಚದ ಮೇಲಿಂದಲೇ ತನ್ನ ಮೂವತ್ತೊಂದು ಗಿರಾಕಿಗಳಿಗೂ ಒಬ್ಬೊಬ್ಬರಿಗೇ ಫೋನ್ ಮಾಡಿದಳು. "ಕ್ರೀಮ್ ಬಿಸಾಕಿ, ರಕ್ತ ಟೆಸ್ಟ್ ಮಾಡಿಸಿ, ನನ್ನನ್ನ ಕ್ಷಮಿಸಿ." ಮೂವತ್ತೊಂದು ಸಲ ಅದೇ ಮಾತು. ಪಕ್ಕದ ಸ್ಟೂಲಿನಲ್ಲಿ ನಾನು ಕೂತಿದ್ದೆ. ಅವಳು ನನ್ನನ್ನು ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

ಕೊನೆಯ ಫೋನ್ ಮುಗಿದ ಮೇಲೆ ಒಂದೇ ಮಾತು ಕೇಳಿದಳು.

"ಅಣ್ಣಾ... ಸಾಮಾನು ತಂದಾಗೆಲ್ಲ ನೀನು ಮೂಸಿ ನೋಡ್ತಿದ್ಯಲ್ಲ. ಇದನ್ನ ನೋಡ್ಲಿಲ್ವಾ?"

ನೋಡಿದ್ದೆ. ಘಮಘಮ ಎನ್ನುತ್ತಿತ್ತು. 

ಅಂದಿನಿಂದ ನಾನು ಮೂಗನ್ನು ನಂಬುವುದಿಲ್ಲ. ಉಂಗುರವನ್ನೂ ಪಾಲಿಶ್ ಮಾಡಿಸಿಲ್ಲ.

ಸರಿ... ಈಗ ನಿಮ್ಮ ಕೆಲಸಕ್ಕೆ ಬರೋಣ. ಯಾರೋ ನಿಮ್ಮ ಕ್ರೀಮಿನ ನಕಲು ಮಾಡುತ್ತಿದ್ದಾರೆ, ಹಿಡಿದುಕೊಡಬೇಕು. ಅಷ್ಟೇ ತಾನೇ? ಹಿಡಿಯೋಣ. ನಿಮ್ಮ ಡಬ್ಬಿ ನೋಡಿದೆ. ಹಿಂದುಗಡೆ ಐದು ಚೆಂದದ ಹೆಸರುಗಳಿವೆ. ಒಡವೆಯ ಸಾಲು ಇಲ್ಲ. ಹೊಸ ಲೇಬಲ್ಲಾ?

ಅಡ್ವಾನ್ಸ್ ಏನೂ ಬೇಡ. ಡಬ್ಬಿ ತೆರೆದು ಇಲ್ಲಿ ಟೇಬಲ್ ಮೇಲೆ ಇಡಿ. ನಿಮ್ಮ ಬೆರಳಿನ ಆ ಚಿನ್ನದ ಉಂಗುರ ಬಿಚ್ಚಿ ಅದರೊಳಗೆ ಹಾಕಿ. ನಾಳೆ ಬೆಳಿಗ್ಗೆಯವರೆಗೆ ಇರಲಿ.

ಅರೆ... ಕೈ ಯಾಕೆ ಹಿಂದಕ್ಕೆ ಎಳೆದುಕೊಂಡಿರಿ?