ರಕ್ತವೇ ಇಲ್ಲದ ಸೀನು

“ಇಳೀತೀಯೋ ಇಲ್ವೋ?” ಕೋಚ್ ಮೇಡಂ ಕೂಗಿದರು. “ಎಲ್ಲರೂ ನಿನಗೇ ಕಾಯ್ತಾ ಇದ್ದಾರೆ!”

ಮೀನು ಈಜುಕೊಳದ ಅಂಚಿನಲ್ಲಿ ನಿಂತಿದ್ದಳು. ಅವಳ ಕಾಲ್ಬೆರಳುಗಳು ಅಂಚಿನ ಟೈಲ್ಸನ್ನು ಬಿಗಿಯಾಗಿ ಹಿಡಿದುಕೊಂಡಿದ್ದವು. ಆಚೆ ತುದಿಯಲ್ಲಿ ನೀರು ತಿಳಿ ನೀಲಿ. ಅಲ್ಲಿ ಸಣ್ಣ ಮಕ್ಕಳು ಪಚಪಚ ಎಂದು ನೀರು ಬಡಿಯುತ್ತಿದ್ದರು. ಅವಳು ನಿಂತ ಕಡೆ ಮಾತ್ರ ನೀರು ಕಡು ನೀಲಿ. ಎಷ್ಟು ಬಗ್ಗಿ ನೋಡಿದರೂ ತಳ ಕಾಣುತ್ತಿರಲಿಲ್ಲ.

“ಮೇಡಂ, ಹೊಟ್ಟೆ ನೋವು.”

“ಮೊನ್ನೇನೂ ಹೊಟ್ಟೆ ನೋವು, ಇವತ್ತೂ ಹೊಟ್ಟೆ ನೋವಾ?” ಮೇಡಂ ಅವಳನ್ನೇ ಒಂದು ಗಳಿಗೆ ನೋಡಿದರು. “ಸರಿ, ಹೋಗಿ ಬೆಂಚ್ ಮೇಲೆ ಕೂತ್ಕೋ.”

ಮೀನು ಎಂಬುದು ಮನೆಯವರು ಕರೆಯುತ್ತಿದ್ದ ಹೆಸರು. ಹಾಜರಿ ಕೂಗುವಾಗ ಬಿಟ್ಟರೆ ಶಾಲೆಯಲ್ಲೂ ಎಲ್ಲರಿಗೂ ಅವಳು ಮೀನುವೇ. ನೀರು ಕಂಡರೆ ಸಾಕು, ಮೈಮೇಲೆ ಯಾವ ಬಟ್ಟೆ ಇದೆ ಎನ್ನುವುದನ್ನೂ ಮರೆತು ಇಳಿದುಬಿಡುತ್ತಿದ್ದಳು. ಐದನೇ ಕ್ಲಾಸಿನಲ್ಲಿ ಅವಳಷ್ಟು ಬೇಗ ಈಜುವವರು ಯಾರೂ ಇರಲಿಲ್ಲ. ಬೇರೆ ಶಾಲೆಯ ಜೊತೆ ನಡೆಯಲಿದ್ದ ರಿಲೇ ಸ್ಪರ್ಧೆಗೆ ಮೇಡಂ ಎಲ್ಲರಿಗಿಂತ ಮೊದಲು ಆರಿಸಿದ್ದು ಅವಳನ್ನೇ.

ಅಂಥವಳು ಈಗ ಒದ್ದೆಯೇ ಆಗದ ಮೈಯಲ್ಲಿ ಬೆಂಚಿನ ಮೇಲೆ ಕೂತಿದ್ದಳು.

ಒಬ್ಬಳು ನೀರಿನಿಂದ ಎದ್ದು, ತೊಟತೊಟ ನೀರು ಸುರಿಸುತ್ತಾ ಬಂದು ಅವಳ ಪಕ್ಕ ಕೂತಳು. ಇವಳು ಮೀನುವಿನ ಗೆಳತಿ. ಒಮ್ಮೆ ಆನ್ ಆದರೆ ಆಫ್ ಆಗುತ್ತಿರಲಿಲ್ಲ, ಹಾಗಾಗಿ ಕ್ಲಾಸಿನಲ್ಲಿ ಅವಳ ಹೆಸರು ರೇಡಿಯೋ.

“ನಿಜ ಹೇಳು. ಹೊಟ್ಟೆ ನೋವಲ್ಲ ತಾನೇ?” ರೇಡಿಯೋ ಪಿಸುಗುಟ್ಟಿದಳು. “ಯಾರಿಗೂ ಹೇಳಲ್ಲ. ಪ್ರಾಮಿಸ್.”

ಮೀನು ಹೇಳಿದಳು.

ಊಟದ ಬೆಲ್ ಹೊಡೆಯುವಷ್ಟರಲ್ಲಿ ಅದು ಇಡೀ ಕ್ಲಾಸಿಗೆ ಗೊತ್ತಾಗಿತ್ತು.

“ಮೀನಿಗೇ ಮೀನಿನ ಭಯ ಅಂತೆ ಕಣ್ರೋ!” ಹಿಂದಿನ ಬೆಂಚಿನ ಹುಡುಗನೊಬ್ಬ ಅಂಗೈಯನ್ನು ತಲೆಯ ಮೇಲೆ ಶಾರ್ಕಿನ ರೆಕ್ಕೆಯ ಹಾಗೆ ನಿಲ್ಲಿಸಿಕೊಂಡು ಡೆಸ್ಕುಗಳ ನಡುವೆ ತೇಲಿಕೊಂಡು ಬಂದ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಮೀನುವೂ ನಕ್ಕಳು. ಆಮೇಲೆ ಅರ್ಧ ತಿಂದ ಡಬ್ಬಿಯ ಮುಚ್ಚಳ ಹಾಕಿಟ್ಟಳು.

ಈಜುಕೊಳದಲ್ಲಿ ಶಾರ್ಕ್ ಇರುವುದಿಲ್ಲ ಎಂದು ಅವಳಿಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಆದರೆ ತಲೆಗೆ ಗೊತ್ತಿತ್ತು, ಕಾಲಿಗೆ ಗೊತ್ತಿರಲಿಲ್ಲ.

ಎಲ್ಲ ಶುರುವಾದದ್ದು ಹಿಂದಿನ ಶನಿವಾರ. ಅಪ್ಪ ಅಮ್ಮ ಇಬ್ಬರೂ ಡ್ಯೂಟಿಗೆ ಹೋಗಿದ್ದರು. ಅಜ್ಜಿ ಒಳಗೆ ಮಲಗಿದ್ದರು. ಹೈಸ್ಕೂಲಿನಲ್ಲಿ ಓದುವ ಅಣ್ಣ ಇಬ್ಬರು ಗೆಳೆಯರನ್ನು ಕರೆದುಕೊಂಡು ಬಂದು, ಕಿಟಕಿಯ ಪರದೆ ಎಳೆದು, ಒಂದು ಹಳೇ ಪಿಕ್ಚರ್ ಹಾಕಿದ. ಅಮ್ಮ ಇನ್ನೂ ಹುಟ್ಟದೇ ಇದ್ದ ಕಾಲದ ಪಿಕ್ಚರ್ ಅದು. ಅದರಲ್ಲಿ ಒಂದು ದೈತ್ಯ ಶಾರ್ಕ್ ಒಬ್ಬೊಬ್ಬರನ್ನೇ ತಿಂದುಹಾಕುತ್ತದೆ.

“ನೀನು ಒಳಗೆ ಹೋಗೇ. ಆಮೇಲೆ ಹೆದರ್ಕೊಂಡು ಅಳ್ತೀಯ” ಎಂದಿದ್ದ ಅಣ್ಣ.

“ನಾನೇನೂ ಪಾಪು ಅಲ್ಲ” ಎಂದು ಮೀನು ಸೋಫಾದ ತುದಿಯಲ್ಲಿ ಗಟ್ಟಿಯಾಗಿ ಕೂತಿದ್ದಳು.

ಮೊದಲು ಸತ್ತವನು ಮುಳುಗುಗಾರ. ಅವನ ಟಾರ್ಚ್ ಮಾತ್ರ ಗಿರಗಿರ ತಿರುಗುತ್ತಾ ಸಮುದ್ರದ ತಳಕ್ಕೆ ಇಳಿಯಿತು. ಆಮೇಲೆ ಬೆಟ್ ಕಟ್ಟಿ ಕಟ್ಟೆಯಿಂದ ನೀರಿಗೆ ಹಾರಿದ ಯುವಕ. ಅವನು ಹಾರಿದ್ದು ನೀರಿಗಲ್ಲ, ನೇರವಾಗಿ ತೆರೆದ ಬಾಯಿಗೆ! ನೀರೆಲ್ಲ ಕೆಂಪಾಯಿತು. ಅಣ್ಣನ ಗೆಳೆಯರು ಶಿಳ್ಳೆ ಹೊಡೆದರು. ಮೀನುವೂ ಚಪ್ಪಾಳೆ ತಟ್ಟಿದಳು. ಶಾರ್ಕ್ ರಬ್ಬರಿನದು ಎಂದು ಯಾರಿಗಾದರೂ ಗೊತ್ತಾಗುವಂತಿತ್ತು.

ಮೂರನೆಯದು ದೋಣಿಯ ಸೀನು.

ಒಂದು ಪುಟ್ಟ ದೋಣಿ. ಅದರಲ್ಲಿ ವಯಸ್ಸಾದ ಗಂಡ ಹೆಂಡತಿ. ಗಂಡ ಒಂದು ಕೈಯನ್ನು ನೀರಿನಲ್ಲಿ ಇಳಿಬಿಟ್ಟು ಕೂತಿದ್ದಾನೆ. ಹೆಂಡತಿ ಅವನಿಗೆ ಬೆನ್ನು ಹಾಕಿ ಫ್ಲಾಸ್ಕಿನಿಂದ ಟೀ ಬಗ್ಗಿಸುತ್ತಾ ಏನೋ ಮಾತಾಡುತ್ತಿದ್ದಾಳೆ. ದೋಣಿ ಸ್ವಲ್ಪ ಅಲುಗುತ್ತದೆ, ಅಷ್ಟೇ. ಅವಳು ಮಾತಾಡುತ್ತಲೇ ಇದ್ದಾಳೆ. “ಸಕ್ಕರೆ ಸಾಕಾ?” ಎನ್ನುತ್ತಾ ಕಪ್ ಹಿಡಿದು ತಿರುಗಿದರೆ, ಎದುರಿಗೆ ಯಾರೂ ಇಲ್ಲ.

“ಬೋರು ಸೀನು. ರಕ್ತಾನೇ ಇಲ್ಲ” ಎಂದು ಅಣ್ಣನ ಗೆಳೆಯ ರಿಮೋಟ್ ಒತ್ತಿ ಮುಂದೆ ಓಡಿಸಿದ.

ಆದರೆ ಮೀನುವಿನ ತಲೆಯಲ್ಲಿ ಅದು ಮುಂದೆ ಓಡಲಿಲ್ಲ. ಅಲ್ಲೇ ನಿಂತುಬಿಟ್ಟಿತು.

ಕ್ಲಾಸಿನವರೆಲ್ಲ ನಕ್ಕ ಆ ದಿನ ಶಾಲೆಯಿಂದ ಮನೆಗೆ ಬಂದಾಗ ಅಜ್ಜಿ ಹೊಲಿಗೆ ಮೆಷಿನ್ ಮುಂದೆ ಕೂತಿದ್ದರು. ಬೀದಿಯವರೆಲ್ಲ ತಮ್ಮ ಬಟ್ಟೆಗಳನ್ನು ಸರಿಮಾಡಿಸಲು ತರುತ್ತಿದ್ದದ್ದು ಅಜ್ಜಿಯ ಹತ್ತಿರವೇ. ಉದ್ದ ಇದ್ದದ್ದು ಗಿಡ್ಡ ಆಗುತ್ತಿತ್ತು, ಬಿಗಿ ಇದ್ದದ್ದು ಸಡಿಲ ಆಗುತ್ತಿತ್ತು.

ಅಜ್ಜಿ ಮೀನುವಿನ ಬ್ಯಾಗಿನಿಂದ ಈಜುಡುಗೆ ತೆಗೆದು ಮುಟ್ಟಿ ನೋಡಿದರು.

“ಇದೇನೇ ಇದು? ಹೋದ ಹಾಗೇ ವಾಪಸ್ ಬಂದಿದೆ. ಮೊನ್ನೇನೂ ಹೀಗೇ ಇತ್ತು. ನಿಮ್ಮ ಸ್ಕೂಲಲ್ಲಿ ನೀರಿಲ್ಲದೇ ಈಜಿಸ್ತಾರಾ?”

ಮೀನುಗೆ ನಗುವೂ ಬಂತು, ಅಳುವೂ ಬಂತು. ಕೊನೆಗೆ ಗೆದ್ದದ್ದು ಅಳುವೇ. ಬಿಕ್ಕುತ್ತಲೇ ಎಲ್ಲ ಹೇಳಿದಳು. ಪಿಕ್ಚರ್ ವಿಷಯ, ಕಾಲಿನ ವಿಷಯ, ರೇಡಿಯೋ ವಿಷಯ.

ಅಜ್ಜಿ ಬಯ್ಯಲಿಲ್ಲ. “ಶಾರ್ಕ್ ಎಲ್ಲಿಂದ ಬರುತ್ತೆ, ಹುಚ್ಚಿ” ಎಂದೂ ಅನ್ನಲಿಲ್ಲ. ಸೆರಗಿನಿಂದ ಅವಳ ಮೂಗು ಒರೆಸಿ, “ಭಾನುವಾರ ಆ ಪಿಕ್ಚರ್ ಹಾಕಿ. ನಾನೂ ನೋಡ್ತೀನಿ. ಅದ್ಯಾವ ಶಾರ್ಕು ನನ್ನ ಮೊಮ್ಮಗಳನ್ನ ಹೆದರಿಸಿದ್ದು?” ಎಂದರು.

ಭಾನುವಾರ ಮಧ್ಯಾಹ್ನ ಮೂವರೂ ಸೋಫಾದಲ್ಲಿ ಕೂತರು. ಅಣ್ಣನ ಕೈಯಲ್ಲಿ ರಿಮೋಟ್. ಮೀನುವಿನ ಕೈಯಲ್ಲಿ ಅಜ್ಜಿಯ ಸೆರಗು.

ಅಜ್ಜಿಯ ಜೊತೆ ಪಿಕ್ಚರ್ ನೋಡುವುದೇ ಒಂದು ಮಜಾ. ಮುಳುಗುಗಾರ ನೀರಿಗಿಳಿದ ಕೂಡಲೇ, “ಒಬ್ಬನೇ ಯಾಕೆ ಹೋದ? ಯಾರಿಗಾದರೂ ಹೇಳಿ ಹೋಗೋಕೆ ಏನು ದಾಡಿ ಇವನಿಗೆ?” ಎಂದರು. ನಾಯಕಿ ಸಮುದ್ರದಿಂದ ಎದ್ದು ಬಂದಾಗ, “ನೋಡು ನೋಡು, ತಲೆಗೂದಲು ಒಣಗೇ ಇದೆ!” ಎಂದು ಪತ್ತೆ ಹಚ್ಚಿದರು. ಶಾರ್ಕ್ ಬಾಯಿ ತೆರೆದು ಮೇಲೆದ್ದಾಗಲಂತೂ ಕನ್ನಡಕ ಸರಿಮಾಡಿಕೊಂಡು ಮುಂದೆ ಬಗ್ಗಿದರು.

“ಹೊಟ್ಟೆ ಹತ್ತಿರ ಹೊಲಿಗೆ ಬಿಟ್ಟಿದೆಯಲ್ಲೋ! ತಂದುಕೊಟ್ಟಿದ್ದರೆ ನಾನೇ ಒಂದು ಜಿಪ್ ಹಾಕಿ ಕೊಡ್ತಿದ್ದೆ.”

ಅಣ್ಣ ಬಿದ್ದು ಬಿದ್ದು ನಕ್ಕ. ಮೀನು ನಕ್ಕೂ ನಕ್ಕೂ ಸೆರಗು ಬಿಟ್ಟಳು.

ಆಮೇಲೆ ದೋಣಿ ಬಂತು.

ಮೀನು ಮತ್ತೆ ಸೆರಗು ಹಿಡಿದಳು. ಅಜ್ಜಿ ಇದಕ್ಕೂ ಏನಾದರೂ ತಮಾಷೆ ಮಾಡುತ್ತಾರೆ ಎಂದು ಕಾದಳು. ಅಜ್ಜಿ ಏನೂ ಹೇಳಲಿಲ್ಲ. ಹೆಂಡತಿ ಟೀ ಬಗ್ಗಿಸಿದಳು. ದೋಣಿ ಅಲುಗಿತು. “ಸಕ್ಕರೆ ಸಾಕಾ?” ಎಂದು ತಿರುಗಿದಳು.

ಮೀನು ತಲೆಯೆತ್ತಿ ನೋಡಿದಳು. ಅಜ್ಜಿಯ ಕೈ ತೊಡೆಯ ಮೇಲೆ ಸುಮ್ಮನೆ ಬಿದ್ದಿತ್ತು. ಆ ಕೈ ಯಾವತ್ತೂ ಸುಮ್ಮನೆ ಇರುತ್ತಿರಲಿಲ್ಲ. ಏನೂ ಇಲ್ಲದಿದ್ದರೆ ಸೀರೆಯ ನೂಲನ್ನಾದರೂ ಕೀಳುತ್ತಿರುತ್ತಿತ್ತು.

“ಮುಂದೆ ಓಡಿಸ್ಲಾ?” ಅಣ್ಣ ಕೇಳಿದ.

“ಬೇಡ, ಇರಲಿ” ಎಂದರು ಅಜ್ಜಿ. ಸೀನು ಮುಗಿದ ಮೇಲೆ ಮೆಲ್ಲಗೆ, “ಹೌದು. ಹೀಗೇ ಆಗೋದು” ಎಂದರು.

“ಏನಜ್ಜಿ?”

ಅಜ್ಜಿ ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡರು. ಅಣ್ಣ ತಾನಾಗಿಯೇ ಟೀವಿಯ ಸೌಂಡ್ ಆಫ್ ಮಾಡಿದ.

“ನಿಮ್ಮ ಅಜ್ಜ” ಎಂದರು ಅಜ್ಜಿ. “ನೀನು ಆಗ ತೊದಲ್ತಿದ್ದೆ ಅಷ್ಟೇ. ಆವತ್ತು ನಾನು ಒಂದು ಕೋಟು ಹೊಲೀತಾ ಕೂತಿದ್ದೆ. ಅವರು ನನ್ನ ಹಿಂದೆ ಕುರ್ಚಿಯಲ್ಲಿದ್ದರು. ಆ ಕೋಟಿನ ಗಿರಾಕಿ ಭಾರೀ ತಮಾಷೆ ಮನುಷ್ಯ. ಅವನ ಕತೇನೇ ಹೇಳ್ತಾ ಇದ್ದೆ. ಹೇಳ್ದೆ, ಹೇಳ್ದೆ, ನಾನೇ ನಗ್ತಾ ಇದ್ದೆ. ಆಮೇಲೆ, ‘ಕೇಳಿಸ್ತೇನ್ರೀ?’ ಅಂತ ತಿರುಗಿದೆ.”

ಅಜ್ಜಿ ಸೀರೆಯ ಒಂದು ನೂಲನ್ನು ಹಿಡಿದು ಕಿತ್ತರು.

“ಹೃದಯಾನೇ ನಿಂತುಹೋಗಿತ್ತು ಅಂದ್ರು ಡಾಕ್ಟರು. ಒಂದು ಸದ್ದಿಲ್ಲ, ಏನಿಲ್ಲ.”

“ಆವತ್ತು ನನ್ನನ್ನ ಪಕ್ಕದ ಮನೆಗೆ ಕಳಿಸಿದ್ರು” ಎಂದ ಅಣ್ಣ. ಅವನ ದನಿ ಯಾಕೋ ಸಣ್ಣದಾಗಿತ್ತು. “ಇಡೀ ದಿನ ಕೇರಂ ಆಡ್ತಾ ಇದ್ದೆ. ಯಾಕೆ ಕಳಿಸಿದ್ದು ಅಂತ ಯಾರೂ ಹೇಳ್ಲಿಲ್ಲ.”

ಅಜ್ಜಿ ಕೈ ಚಾಚಿ ಅವನ ತಲೆ ಸವರಿದರು. ಯಾರು ಮುಟ್ಟಿದರೂ ಕೂದಲು ಕೆಡುತ್ತದೆ ಎಂದು ರೇಗುತ್ತಿದ್ದ ಅಣ್ಣ ಇವತ್ತು ತಲೆ ಹಿಂದೆಗೆಯಲಿಲ್ಲ.

“ಆಮೇಲೆ ಎಷ್ಟೋ ದಿನ ನನಗೆ ಮೆಷಿನ್ ಮುಂದೆ ಕೂರೋಕೇ ಆಗ್ಲಿಲ್ಲ. ಕೂತರೆ ಸಾಕು, ಬೆನ್ನೆಲ್ಲ ತಣ್ಣಗಾಗೋದು.”

“ಮೆಷಿನ್ ಏನು ಮಾಡುತ್ತೆ ಅಜ್ಜಿ?”

“ಏನೂ ಮಾಡಲ್ಲ ಕಣೇ. ನನಗೇನು ಗೊತ್ತಿರಲಿಲ್ವಾ? ಗೊತ್ತಿದ್ದರೆ ಆಯ್ತಾ?”

ಮೀನು ತನ್ನ ಕಾಲುಗಳನ್ನು ನೋಡಿಕೊಂಡಳು. “ಮತ್ತೆ ಹೇಗೆ ಕೂತೆ?”

“ಮೊದಲು ಅದು ಗೋಡೆ ಕಡೆ ಮುಖ ಮಾಡಿಕೊಂಡಿತ್ತು. ನಿಮ್ಮಪ್ಪನಿಗೆ ಹೇಳಿ ಈ ಕಡೆ ತಿರುಗಿಸಿ ಹಾಕಿಸಿದೆ. ಈಗ ಒಳಗೆ ಯಾರಿದ್ದಾರೆ, ಬಾಗಿಲಲ್ಲಿ ಯಾರು ಬಂದರು, ಯಾರು ಹೋದರು, ಎಲ್ಲ ಕಾಣುತ್ತೆ. ಮೊದಮೊದಲು ಬರೀ ಗುಂಡಿ ಹಾಕ್ತಿದ್ದೆ. ಆಮೇಲೆ ಒಂದು ಲಂಗ. ಕೋಟು ಹೊಲಿಯೋಕೆ ತುಂಬಾ ದಿನ ಹಿಡೀತು.”

ಮೆಷಿನ್ ಹೀಗೆ ನಡುಮನೆಗೆ ಅಡ್ಡವಾಗಿ ಯಾಕಿದೆ ಎಂದು ಮೀನು ಯಾವತ್ತೂ ಕೇಳಿರಲಿಲ್ಲ. ಅದರ ಮೂಲೆ ಮೊಣಕಾಲಿಗೆ ತಾಗಿದಾಗಲೆಲ್ಲ “ಅಯ್ಯೋ, ಈ ಮೆಷಿನ್ನು!” ಎಂದು ಬಯ್ದಿದ್ದಳು, ಅಷ್ಟೇ.

ಮುಂದಿನ ಈಜು ತರಗತಿಯಲ್ಲಿ ಅವಳು ಹೊಟ್ಟೆ ನೋವು ಎನ್ನಲಿಲ್ಲ.

“ಮೇಡಂ, ನಾನು ಡೈವ್ ಮಾಡಲ್ಲ. ಏಣಿ ಹಿಡ್ಕೊಂಡು ಇಳಿಯಲಾ? ಮೊದಲು ಒಳಗೆ ಏನಿದೆ ಅಂತ ನೋಡ್ಬೇಕು.”

ಮೇಡಂ ತಮ್ಮ ಕತ್ತಿನಲ್ಲಿದ್ದ ಈಜು ಕನ್ನಡಕ ಬಿಚ್ಚಿ ಕೊಟ್ಟರು. “ಹಾಕ್ಕೋ. ನಾನು ಏಣಿ ಹತ್ತಿರಾನೇ ಇರ್ತೀನಿ.”

ಮೀನು ಒಂದೊಂದೇ ಮೆಟ್ಟಿಲು ಇಳಿದಳು. ಹಿಂದಿನಿಂದ ಯಾರೋ ಕಿಸಕ್ಕೆಂದರು. ರೆಕ್ಕೆಯ ಹುಡುಗನೇ ಇರಬೇಕು.

“ಏಯ್, ಸುಮ್ನಿರೋ! ನೀನು ಹಲ್ಲಿ ಕಂಡ್ರೆ ಡೆಸ್ಕ್ ಹತ್ತೋದು ಹೇಳ್ಲಾ?” ಇದು ರೇಡಿಯೋ ದನಿ. ಆಮೇಲೆ ಅವಳೇ ಪಕ್ಕದ ಸಾಲಿಗೆ ದಬಕ್ಕನೆ ಹಾರಿ, ಈಜಿಕೊಂಡು ಬಂದಳು. “ಸಾರಿ ಕಣೇ. ಬಾಯಿ ತಡೀಲಿಲ್ಲ.”

“ನಿನ್ನ ಬಾಯಿ ಯಾವತ್ತು ತಡೆದಿದೆ?” ಎಂದಳು ಮೀನು. ಅವಳ ಹಲ್ಲು ಕಟಕಟ ಎನ್ನುತ್ತಿದ್ದವು.

ಏಣಿ ಹಿಡಿದುಕೊಂಡೇ ಮುಖ ಮುಳುಗಿಸಿ ಕಣ್ಣು ಬಿಟ್ಟಳು.

ಮೇಲಿನಿಂದ ಕಡು ನೀಲಿಯಾಗಿ ಕಂಡದ್ದು ಒಳಗಿನಿಂದ ಅಷ್ಟು ಕಡು ಇರಲಿಲ್ಲ. ಕೆಳಗೆ ಸಾಲುಸಾಲು ಟೈಲ್ಸ್. ಒಂದು ಮೂಲೆಯಲ್ಲಿ ಯಾರದೋ ಹೇರ್ ಕ್ಲಿಪ್. ಪಕ್ಕದಲ್ಲಿ ಕತ್ತರಿಯಂತೆ ಆಡುತ್ತಿದ್ದ ರೇಡಿಯೋ ಕಾಲುಗಳು. ಬೇರೆ ಏನೂ ಇಲ್ಲ. ಆದರೂ ಅವಳು ಎಲ್ಲ ಮೂಲೆಗಳನ್ನೂ ಇನ್ನೊಮ್ಮೆ ನೋಡಿದಳು. ಆಮೇಲೆ ಏಣಿ ಬಿಟ್ಟಳು.

ಅವತ್ತು ಅವಳಿಂದ ಆದದ್ದು ಕೊಳದ ಅರ್ಧ ಉದ್ದ ಮಾತ್ರ. ನಡುವಿನಲ್ಲಿ ಕಾಲುಗಳು ಮತ್ತೆ ಹಟ ಮಾಡಿದವು. ಸಾಲುಗಳ ನಡುವಿನ ಹಗ್ಗ ಹಿಡಿದು ಅಂಚಿಗೆ ಬಂದಳು.

“ಇವತ್ತಿಗೆ ಸಾಕು” ಎಂದರು ಮೇಡಂ. ಟವೆಲ್ ಕೊಟ್ಟು ಮೆತ್ತಗೆ ಸೇರಿಸಿದರು, “ಆದರೆ ಮೀನು, ಈ ಸಲದ ರಿಲೇಗೆ ಬೇರೆಯವರನ್ನ ಹಾಕಬೇಕಾಗುತ್ತೆ. ನೀನು ಎಕ್ಸ್ಟ್ರಾ ಆಗಿರು. ಪರವಾಗಿಲ್ವಾ?”

ಪರವಾಗಿಲ್ಲ ಅನ್ನುವ ಹಾಗೇನೂ ಇರಲಿಲ್ಲ. ಆದರೂ ತಲೆಯಾಡಿಸಿದಳು. ಅಜ್ಜಿ ಗುಂಡಿ ಹಾಕುತ್ತಿದ್ದ ದಿನಗಳು ನೆನಪಾದವು.

ಸಂಜೆ ಮನೆಗೆ ಹೋದಾಗ ಅಜ್ಜಿ ಒದ್ದೆ ಈಜುಡುಗೆ ಹಿಂಡಿ, ಅವಳ ಕೆನ್ನೆಯನ್ನೂ ಹಿಂಡಿದರು. ಆಮೇಲೆ ಮೆಷಿನ್ ಮುಂದೆ ಕೂತು ಸೂಜಿಗೆ ದಾರ ಪೋಣಿಸತೊಡಗಿದರು.

“ಇವತ್ತೊಬ್ಬಳು ಬಂದಿದ್ದಳು ನೋಡು. ‘ಈ ಪ್ಯಾಂಟ್ ನನಗೆ ಬಿಗಿಯಾಗಿದೆ, ಸಡಿಲ ಮಾಡಿ’ ಅಂದಳು. ಹಾಕ್ಕೊಂಡು ತೋರಿಸಮ್ಮಾ ಅಂದರೆ, ಹಾಕ್ಕೊಂಡಿದ್ದು ತಮ್ಮನ ಪ್ಯಾಂಟು!”

ಬೇರೆ ದಿನವಾಗಿದ್ದರೆ ಮೀನು ಅಷ್ಟು ಹೊತ್ತಿಗೆ ಆಡಲು ಓಡಿಹೋಗಿರುತ್ತಿದ್ದಳು. ಅಜ್ಜಿ ಕತೆಯ ಕೊನೆಯನ್ನು ಖಾಲಿ ಕೋಣೆಗೆ ಹೇಳುತ್ತಿದ್ದರು. ಎಷ್ಟೋ ಸಲ ಹಾಗಾಗಿತ್ತು. ಮೀನು ಬೀದಿಯ ತುದಿ ಮುಟ್ಟುವವರೆಗೂ ಆ ದನಿ ಕೇಳಿಸಿದ್ದೂ ಉಂಟು.

ಇವತ್ತು ಅವಳು ಸ್ಟೂಲ್ ಎಳೆದುಕೊಂಡು ಎದುರಿಗೇ ಕೂತಳು. “ಹೂಂ” ಎಂದಳು.

ಅಜ್ಜಿ ತಲೆ ಬಗ್ಗಿಸಿ ಸೂಜಿಯ ಕಣ್ಣು ಹುಡುಕುತ್ತಾ ಮುಂದುವರಿಸಿದರು. ಪ್ಯಾಂಟಿನವಳ ತಮ್ಮ ಬಂದದ್ದು, ಇಬ್ಬರೂ ಬಾಗಿಲಲ್ಲೇ ಜಗಳ ಆಡಿದ್ದು. ಕತೆ ಉದ್ದವಾಗಿತ್ತು. ಮೀನುಗೆ ಬಾಯಾರಿತು.

“ಅಜ್ಜಿ, ನೀರು ಕುಡಿದು ಬರ್ತೀನಿ. ಅಡುಗೆಮನೆಗೆ ಹೋಗ್ತಾ ಇದೀನಿ, ಆಯ್ತಾ?”

“ಹೋಗು, ಅದಕ್ಯಾಕೆ ಹೇಳಬೇಕು” ಎಂದರು ಅಜ್ಜಿ. ಆಮೇಲೆ ಸೂಜಿಯಿಂದ ಕಣ್ಣು ಎತ್ತಿ ಅವಳನ್ನೇ ನೋಡಿದರು.

ಮೀನು ಅಡುಗೆಮನೆಗೆ ಓಡಿದಳು. ಲೋಟ ತುಂಬುವ ಮೊದಲೇ, ಹೊರಗೆ ಚೆನ್ನಾಗಿ ಕೇಳಿಸುವ ಹಾಗೆ ಕೂಗಿದಳು:

“ಹೂಂ, ಹೇಳಜ್ಜಿ! ಆಮೇಲೆ?”