ಜ್ವರಕ್ಕೆ ಕೂತ ಹುಳು

1999ರ ಫೆಬ್ರುವರಿ 11, ಬೆಳಿಗ್ಗೆ 8.20. ಯಡಿಯೂರು ಕಡೆಯ ರೇಷ್ಮೆ ಬೆಳೆಗಾರ ಲಕ್ಷ್ಮೀನರಸಿಂಹಯ್ಯ ಕುಣಿಗಲ್ ಠಾಣೆಗೆ ಬಂದು ದೂರು ಕೊಟ್ಟ. ಸಾಕಿದ್ದ ಹುಳುವೆಲ್ಲ ಸತ್ತಿವೆ, ಪಕ್ಕದ ಹೊಲದ ಜುಂಜಪ್ಪ ಹಿಪ್ಪುನೇರಳೆ ಸೊಪ್ಪಿಗೆ ವಿಷ ಹಾಕಿದ್ದಾನೆ ಎಂದ. ಪ್ರಾಣಿ ಕೊಂದ ಆರೋಪಕ್ಕೆ ಐಪಿಸಿ ಕಲಂ 428ರಡಿ ಎಫ್‌ಐಆರ್ ಆಯಿತು.

ಹತ್ತು ಗಂಟೆಗೆ ಇನ್ಸ್‌ಪೆಕ್ಟರ್ ಅನಂತರಾಜು ಹುಳುಮನೆ ಹೊಕ್ಕಾಗ ಬೆಳೆಗೆ ಹೊಡೆಯುವ ಔಷಧಿಯ ಕಟು ವಾಸನೆ. ಕಿರಿಸೊಸೆ ಮಾನಸಾ ತಟ್ಟೆಗಳ ಮುಂದೆ ಅಳುತ್ತಿದ್ದಳು. ಪೇದೆ ತಹಸೀನ್ ಬಗ್ಗಿ ನೋಡಿದಳು. ಸೊಪ್ಪಿನ ಅಂಚು ಎಲ್ಲೂ ಹರಿದಿರಲಿಲ್ಲ.

"ಸರ್, ಒಂದೂ ಕಡಿದಿಲ್ಲ."

ಹಿಡಿದು ತಂದಿದ್ದ ಜುಂಜಪ್ಪ ಸಿಡುಕಿದ. "ನಾನೂ ಹುಳ ಸಾಕಿವ್ನಿ ಸಾಮಿ. ಜ್ವರಕ್ಕೆ ಕೂತಾಗ ಪೊರೆ ಬಿಡೋ ತನಕ ಬಾಯೇ ತೆಗೆಯಲ್ಲ. ಆಗ ಸೊಪ್ಪು ಹಾಕಕ್ಕೆ ನನಗೇನ್ ತಲೆ ಕೆಟ್ಟದಾ?"

"ತಿನ್ನದೆ ಸತ್ತಿದ್ದು ಹೇಗೆ?" ಅನಂತರಾಜು ಕೇಳಿದರು.

ರೇಷ್ಮೆ ಇಲಾಖೆಯ ಮಹಾಲಿಂಗಯ್ಯ ಸತ್ತ ಹುಳುವಿನ ಮೈಯ ಬದಿಯ ಕಪ್ಪು ಚುಕ್ಕಿಗಳನ್ನು ತೋರಿಸಿದರು. "ಇವೇ ಇದರ ಮೂಗು. ಒಂದೊಂದು ಪಕ್ಕ ಒಂಬತ್ತು. ಒಳಗೆ ಬೇರಿನಂಗೆ ಕೊಳವೆ. ಇದರ ರಕ್ತ ಗಾಳಿ ಹೊರಲ್ಲ, ಕೊಳವೇಲೇ ಮೈಯೆಲ್ಲ ಹೋಗ್ತದೆ. ಸೊಪ್ಪಿನ ಮೇಲಿದ್ದ ಔಷಧಿ ಆವಿ ಹಂಗೇ ನುಗ್ಗಿದೆ."

ಹಾಗಾದರೆ ಹುಳುವಿನ ಕೆಲಸ ಗೊತ್ತಿಲ್ಲದವರು ಯಾರೋ ಸೊಪ್ಪು ಹಾಕಿದ್ದಾರೆ. ತಹಸೀನ್ ತಲೆಯೆತ್ತಿದಳು. ಹಿರಿಸೊಸೆ ಸಿದ್ದಗಂಗಮ್ಮ ಆಗಿನಿಂದ ಹೊಸ್ತಿಲಾಚೆಯೇ ನಿಂತಿದ್ದಳು.

"ನೀವ್ಯಾಕಮ್ಮ ಒಳಗೆ ಬರಲ್ಲ?"

ಮಾವ ಲಕ್ಷ್ಮೀನರಸಿಂಹಯ್ಯ ಉತ್ತರಿಸಿದ. "ಅವಳ ಕೈಗುಣ ಸರಿಯಿಲ್ಲ. ಗುಬ್ಬಿಯಿಂದ ಮದುವೆಯಾಗಿ ಬಂದ ವರ್ಷ ಮುಟ್ಟಿದ ಬೆಳೆ ಕೆಟ್ಟೋಯ್ತು. ಮಾನಸಾ ಕೈ ಬಿದ್ರೆ ಗೂಡು ಬಂಗಾರ."

ತಹಸೀನ್ ಹತ್ತಿರ ಹೋದಳು. ಸೆರಗಿನಲ್ಲಿ ಅದೇ ವಾಸನೆ.

"ನೆನ್ನೆ ಸಂಜೆ ಒಳಗೆ ಬಂದಿದ್ರಾ?"

"ಹೂಂ." ಸಿದ್ದಗಂಗಮ್ಮ ಮಾನಸಾಳ ಕೈಯನ್ನೇ ನೋಡುತ್ತಿದ್ದಳು. "ಅವಳು ಬಂದು ಎರಡು ವರ್ಷ ಆಗಿಲ್ಲ, ಊರೆಲ್ಲ ಅವಳ ಕೈನೇ ಹೊಗಳ್ತದೆ. ಕಡ್ಡಿ ತರಚ್ಕೊಂಡು ಸೊಪ್ಪು ಕೊಯ್ಯೋ ಕೈ ಯಾರದು? ಒಂದ್ಸಲನಾದ್ರೂ ಅವಳ ಕೈಲೂ ಸಾಯ್ಲಿ ಅಂತ..."

"ಅಕ್ಕಾ!" ಮಾನಸಾ ಚೀರಿದಳು.

ಸೊಪ್ಪಿನ ಬುಟ್ಟಿಯಡಿ ಔಷಧಿ ಬಾಟಲಿ ಸಿಕ್ಕಿತು. 12.40ಕ್ಕೆ ಪಂಚನಾಮೆ ಮುಗಿಯಿತು. ಜುಂಜಪ್ಪನನ್ನು ಮನೆಗೆ ಕಳಿಸಿದರು. 1.15ಕ್ಕೆ ದಸ್ತಗಿರಿ.

ಜೀಪು ಹತ್ತುವಾಗ ಸಿದ್ದಗಂಗಮ್ಮ ಮೆಲ್ಲಗೆ ಕೇಳಿದಳು. "ಮೇಡಂ, ಜ್ವರ ಬಿಟ್ಟ ಮೇಲೆ ಎಷ್ಟು ದಿನಕ್ಕೆ ಗೂಡು ಕಟ್ತವೆ?"

ತಹಸೀನ್‌ಗೂ ಗೊತ್ತಿರಲಿಲ್ಲ. ಆರು ವರ್ಷ ಸೊಪ್ಪು ಕೊಯ್ದು ಹೊಸ್ತಿಲಲ್ಲಿ ಇಟ್ಟವಳಿಗೆ ಆ ಮನೆಯಲ್ಲಿ ಯಾರೂ ಅದನ್ನು ಹೇಳಿರಲಿಲ್ಲ.