ಜನ ಸೇರಿದ ಮೇಲೆ ಬಂದವನು

"ಬಾ ರೋಡೆಲ್, ಬಾ! ಈಗ ಜನ ಸೇರಿದಾರೆ ನೋಡು... ತೆಗಿ ನಿನ್ನ ಬಾಟಲಿ!"

ನಿಂಫಾಳ ಕೂಗಿಗೆ, ಊರ ಪದ್ಧತಿಯಂತೆ ಶವ ಕಾಯುತ್ತಾ ಇಸ್ಪೀಟು ಆಡುತ್ತಿದ್ದವರ ಕೈ ನಿಂತಿತು. ಶುಂಠಿ ಕಷಾಯ ಹಂಚುತ್ತಿದ್ದ ಚಿಕ್ಕಮ್ಮ ಬೆಚ್ಚಿ ತಿರುಗಿದಳು.

ನಡುಮನೆಯಲ್ಲಿ ನಿಂಫಾಳ ಅಪ್ಪನ ಶವಪೆಟ್ಟಿಗೆ. ಹೊಸ್ತಿಲಲ್ಲಿ ಐಸ್ ಪೆಟ್ಟಿಗೆ ಹೊತ್ತು, ಒದ್ದೆ ಪ್ಯಾಂಟಿನಲ್ಲಿ ನಿಂತಿದ್ದ ರೋಡೆಲ್. ಪೇಟೆ ಆಸ್ಪತ್ರೆಯ ನರ್ಸು. ಈಸ್ಟರ್ ಕಳೆದ ಮೇಲೆ ನಿಂಫಾಳ ಕೈ ಹಿಡಿಯಬೇಕಾಗಿದ್ದವನು!

ಸಮಾರ್ ಕರಾವಳಿಯ ಪೇಟೆಯವರಿಗೆ ಕೊರೊನಾ ಲಸಿಕೆಯ ಎರಡನೇ ಬೂಸ್ಟರ್ ಕೂಡ ಆಗಿತ್ತು. ಕೂಗಳತೆಯ ಬಗಾಸಾಯ್ ದ್ವೀಪಕ್ಕೆ ಮೊದಲನೆಯದಕ್ಕೂ ಗತಿಯಿರಲಿಲ್ಲ. ಕೊನೆಗೂ ರೋಡೆಲ್ ಲಸಿಕೆ ತಂದ ದಿನ ಗಂಡಸರೆಲ್ಲ ಮೀನಿಗೆ ಹೋಗಿದ್ದರು. ಶಾಲೆಯ ಜಗಲಿಯಲ್ಲಿ ಕಾದಿದ್ದವರು ಅಪ್ಪ, ಅಜ್ಜಿ, ಪಕ್ಕದ ಮನೆಯ ಮುದುಕಿ, ಅಷ್ಟೇ. ಬಾಟಲಿ ತೆರೆದರೆ ಅವತ್ತೇ ಮುಗಿಸಬೇಕು, ಉಳಿದದ್ದನ್ನು ಚೆಲ್ಲಬೇಕು. ಹಾಗಾಗಿ ಜನ ಸೇರದೆ ತೆರೆಯುವ ಹಾಗಿಲ್ಲ. "ಮುಂದಿನ ವಾರ ಬರ್ತೀನಿ" ಎಂದು ಅವನು ಹೊರಟುಹೋದ.

ಒಣಮೀನು ಮಾರಲು ಪೇಟೆಗೆ ಹೋಗಿದ್ದ ನಿಂಫಾ ಅದೇ ಸಂಜೆ ಅವನನ್ನು ಕಣ್ಣಾರೆ ಕಂಡಿದ್ದಳು. ಪೇಟೆಯವರಿಗೆ ನಗುನಗುತ್ತಾ ಸೂಜಿ ಚುಚ್ಚುತ್ತಿದ್ದ!

ಮುಂದಿನ ವಾರ ಅವನು ಬರಲೇ ಇಲ್ಲ... ದ್ವೀಪಕ್ಕೆ ಜ್ವರ ಬಂತು. ಸಕ್ಕರೆ ಕಾಯಿಲೆಯ ಅಪ್ಪ ತಡೆಯಲಿಲ್ಲ. ನೀವೇ ಹೇಳಿ, ಯಾವ ಮಗಳ ಹೊಟ್ಟೆ ಉರಿಯೋಲ್ಲ?

ರೋಡೆಲ್ ಐಸ್ ಪೆಟ್ಟಿಗೆ ಕೆಳಗಿಟ್ಟ. ಶವಪೆಟ್ಟಿಗೆಯ ಮುಂದೆ ಮಂಡಿಯೂರಿ ಶಿಲುಬೆ ಗುರುತು ಹಾಕಿಕೊಂಡ.

"ಆಫೀಸಿನವರು ದೋಣಿ ಕೊಡ್ಲಿಲ್ಲ. ನಾಲ್ಕು ಮನೆಗೋಸ್ಕರ ಡೀಸೆಲ್ ದಂಡ ಅಂದ್ರು. ಕಾಡಿ ಬೇಡಿ ಲಸಿಕೆ ತಗೊಂಡು, ನನ್ನ ಸೋದರಮಾವನ ಮೀನಿನ ದೋಣೀಲಿ ಬಂದೆ. ಅಜ್ಜಿ, ತೋಳು ಕೊಡಿ."

ಇಸ್ಪೀಟು ಕೆಳಗಿಟ್ಟು ಒಬ್ಬೊಬ್ಬರೇ ಎದ್ದರು. ಶವಪೆಟ್ಟಿಗೆಯ ಪಕ್ಕದಲ್ಲೇ ಸಾಲು ನಿಂತಿತು. ನಿಂಫಾ ಮಾತ್ರ ಮುಖ ತಿರುಗಿಸಿ ಕೂತಳು.

'ಅಪ್ಪನಿಗೆ ಸಿಗದ್ದು ನನಗೂ ಬೇಡ. ಅದೂ ಇವನ ಕೈಯಿಂದ!'

"ಸಾಕು ಮಾಡೇ!" ತೋಳು ಒತ್ತಿಕೊಂಡು ಅಜ್ಜಿ ಗದರಿದಳು. "ಇವನು ತೆಗಿಯೋಕೇ ಹೊರಟಿದ್ದ. ಬೇಡ ಅಂದಿದ್ದು ನನ್ನ ಮಗ! 'ಮೂರು ಜನಕ್ಕೆ ತೆಗೆದು ಉಳಿದದ್ದು ಮಣ್ಣಿಗೆ ಚೆಲ್ತೀಯೇನೋ? ಪೇಟೇಲಿ ಯಾರ ಜೀವಕ್ಕಾದ್ರೂ ಆಗ್ಲಿ' ಅಂದ. ನಿನಗೆ ಹೇಳ್ಬಾರದು, ಬೈತಾಳೆ ಅಂತ ನನ್ನ ಹತ್ರಾನೂ ಇವನ ಹತ್ರಾನೂ ಆಣೆ ಬೇರೆ ಹಾಕಿಸ್ಕೊಂಡ."

ನಿಂಫಾ ಶವಪೆಟ್ಟಿಗೆಯತ್ತ ತಿರುಗಿದಳು. ಮೀನಿನ ತಲೆಯನ್ನೂ ಬಿಸಾಡಲು ಬಿಡದ ಅಪ್ಪ... ಹೌದು, ಅಪ್ಪ ಹಾಗೇ ಅಂದಿರುತ್ತಾನೆ.

"ಅಷ್ಟು ಬೈದೆನಲ್ಲ... ನೀನಾದ್ರೂ ಹೇಳ್ಬಾರದಿತ್ತಾ ರೋಡೆಲ್?"

"ಬೇಡ ಅಂದಿದ್ದು ಅವರು, ನಿಂಫಾ. ಆದ್ರೆ ಐಸ್ ಪೆಟ್ಟಿಗೆ ಮುಚ್ಚಿದ್ದು ನನ್ನ ಕೈ." ಅವನ ಕಣ್ಣು ತುಂಬಿತ್ತು. "ಇನ್ನೊಂದು ಡೋಸ್ ಉಳಿದಿದೆ."

ಅವಳು ಕಪ್ಪು ರವಿಕೆಯ ತೋಳು ಮೇಲೆ ಸರಿಸಿದಳು.

"ಚೆಲ್ಲಬೇಡ. ಅಪ್ಪ ನೋಡ್ತಿದಾನೆ."

ಅವನು ಸೂಜಿ ಚುಚ್ಚಿದ. ಅವಳು ಬಿಕ್ಕಿ ಬಿಕ್ಕಿ ಅತ್ತಳು.

ಉಬ್ಬರದ ನೀರು ಇಳಿಯುವ ಮೊದಲು ದೋಣಿ ಹೊರಡಬೇಕು. ಸಾವಿನ ಮನೆಯವರು ಬಂದವರನ್ನು ಬಾಗಿಲಾಚೆಗೆ ಹೋಗಿ ಕಳಿಸಿಕೊಡುವ ಹಾಗಿಲ್ಲ, ಅದು ದ್ವೀಪದ ಪದ್ಧತಿ. ಅದಕ್ಕೇ ಅವಳು ಹೊಸ್ತಿಲ ಒಳಗೇ ನಿಂತಳು.

"ಈಸ್ಟರ್‌ಗೆ ಮದುವೆ ಆಗಲ್ಲ. ಸಾವಾಗಿ ವರ್ಷ ತುಂಬಬೇಕು."

"ಗೊತ್ತು. ಕಾಯ್ತೀನಿ."

"ಅಲ್ಲೀವರೆಗೆ... ಜನ ಸೇರಿದ್ರೇನೇ ಬರೋದಾ?"

"ನೀನೊಬ್ಬಳೇ ಇದ್ರೂ ಬರ್ತೀನಿ."

"ದೋಣಿ ಕೊಡದಿದ್ರೆ?"

"ಈಜ್ಕೊಂಡು ಬರ್ತೀನಿ!"

"ನಿನಗೆ ಈಜೋಕೇ ಬರಲ್ವಲ್ಲೋ, ಮಂಗ..." ಅಳುವಿನ ನಡುವೆಯೇ ಅವಳ ತುಟಿ ಅರಳಿತು.

"ಒಂದು ವರ್ಷ ಇದೆಯಲ್ಲ ನಿಂಫಾ... ಕಲೀತೀನಿ."